ಹಳೇ ದಾರಿ, ಹಳೇ ಜಾಗ ನೋಡೋಕೆ ಸೈಕಲ್ಲೋ, ಕಾಲ್ನಡಿಗೆಯೋ?

ದಾರಿಹೋಕ:

ಗೆಳೆಯರೇ, ಬಹಳ ದಿನದಿಂದ ಮನಸ್ಸಿನಲ್ಲಿದ್ದ ವಿಷಯ ಇದು. ನಿಮ್ಮೆಲ್ಲರ ಅನುಭವ ಕೇಳಬೇಕು.

ಹಳೇ ಕೋಟೆಗೋ, ಪಾಳುಬಿದ್ದ ಊರಿಗೋ ಹೋಗುವವರು ಹೆಚ್ಚಾಗಿ ಬಾಗಿಲ ತನಕ ಕಾರಿನಲ್ಲೇ ಹೋಗುತ್ತಾರೆ. ಫಲಕ ಓದುತ್ತಾರೆ, ಫೋಟೋ ತೆಗೆಯುತ್ತಾರೆ, ಹೊರಡುತ್ತಾರೆ. ಕೋಟೆ ನೋಡಿದ್ದಾಯಿತು. ಆದರೆ ಆ ಕೋಟೆ ಅಲ್ಲೇ ಯಾಕಿದೆ? ಅದು ತಿಳಿಯುವುದು ಬರುವ ದಾರಿಯಲ್ಲಿ. ಹೊಳೆಯನ್ನು ಎಲ್ಲಿ ದಾಟಬಹುದು, ಕಣಿವೆ ಎಲ್ಲಿ ಕಿರಿದಾಗುತ್ತದೆ, ಯಾವ ತಿರುವಿನಲ್ಲಿ ಗೋಪುರ ಮೊದಲು ಕಣ್ಣಿಗೆ ಬೀಳುತ್ತದೆ. ಹಿಂದಿನವರು ಇದನ್ನೆಲ್ಲ ನೋಡಿಯೇ ಜಾಗ ಆರಿಸಿದ್ದು.

ನನ್ನ ಮಟ್ಟಿಗೆ ದಾರಿಯೇ ಒಂದು ಸ್ಮಾರಕ. ಅದರ ಏರು ನೋಡಿದರೆ ಯಾರಿಗಾಗಿ ಮಾಡಿದ ದಾರಿ ಎಂದು ಗೊತ್ತಾಗುತ್ತದೆ. ದಕ್ಷಿಣ ಅಮೆರಿಕದ ಇಂಕಾ ಜನ ಬಂಡಿ ಬಳಸುತ್ತಿರಲಿಲ್ಲ. ಹೊರೆ ಹೊರುತ್ತಿದ್ದದ್ದು ಮನುಷ್ಯರು ಮತ್ತು ಲಾಮಾಗಳು. ಹಾಗಾಗಿ ಕಡಿದಾದ ಬೆಟ್ಟ ಎದುರಾದರೆ ಮೆಟ್ಟಿಲು ಕಟ್ಟಿ ನೇರ ಹತ್ತಿಸಿದರು. ಸುಮಾರು 30,000 ಕಿಲೋಮೀಟರ್ ಉದ್ದದ ಅವರ ದಾರಿಗಳ ಜಾಲ ಇಂದಿನ 6 ದೇಶಗಳಲ್ಲಿ ಹರಡಿದೆ. 2014ರಲ್ಲಿ ಅದು ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಹಳೇ ರೈಲು ದಾರಿ ಇದಕ್ಕೆ ಪೂರ್ತಿ ಉಲ್ಟಾ. ಹಳಿಯ ಮೇಲೆ ಕಬ್ಬಿಣದ ಗಾಲಿ ಏರಿನಲ್ಲಿ ಜಾರುತ್ತದೆ. ಅದಕ್ಕೇ ನೂರು ಮೀಟರಿಗೆ ಒಂದೆರಡು ಮೀಟರ್ ಮಾತ್ರ ಏರುವಂತೆ ಗುಡ್ಡ ಕಡಿದರು, ತಗ್ಗು ತುಂಬಿದರು, ಸುರಂಗ ಕೊರೆದರು. ಇನ್ನು ದೋಣಿ ಕಾಲುವೆಯ ದಂಡೆ ಮೈಲಿಗಟ್ಟಲೆ ಸಮತಟ್ಟು. ದೋಣಿಯನ್ನು ಮೇಲೆತ್ತುವ ಲಾಕ್ ಗೇಟು ಬಂದಲ್ಲಿ ಮಾತ್ರ ಥಟ್ಟನೆ ಏರುತ್ತದೆ.

ಕಾರಿನ ಎಂಜಿನ್ ಈ ಏರಿಳಿತವನ್ನೆಲ್ಲ ನುಂಗಿಬಿಡುತ್ತದೆ. ತೊಡೆಗೆ, ಉಸಿರಿಗೆ ಮಾತ್ರ ಇದು ತಿಳಿಯುತ್ತದೆ.

ಈಗ ನನ್ನ ಪ್ರಶ್ನೆ. ನೀವು ಹೀಗೆ ಸುತ್ತುವಾಗ ಸೈಕಲ್ ಹಿಡಿಯುತ್ತೀರಾ, ನಡೆಯುತ್ತೀರಾ? ಯಾಕೆ?

ಎರಡು ಚಕ್ರ:

ಸೈಕಲ್. ಎರಡು ಮಾತೇ ಇಲ್ಲ.

ಕಾರಣ ಸರಳ. ನಡೆದರೆ ಗಂಟೆಗೆ 4–5 ಕಿಲೋಮೀಟರ್. ಸೈಕಲ್ಲಿನಲ್ಲಿ ಆರಾಮಾಗಿ ಅದರ ಮೂರು ಪಟ್ಟು. ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಇರುವ ನಂಟು ಕಾಣಬೇಕಾದರೆ ಅಷ್ಟು ದೂರ ಒಂದೇ ದಿನದಲ್ಲಿ ಕ್ರಮಿಸಬೇಕು. ಕಾರಿನಲ್ಲಿ ಅದು ಕಣ್ಣು ತಪ್ಪಿ ಹೋಗುತ್ತದೆ, ನಡಿಗೆಯಲ್ಲಿ ಮುಗಿಯುವುದೇ ಇಲ್ಲ.

ಬರ್ಲಿನ್ ಗೋಡೆಯನ್ನೇ ತೆಗೆದುಕೊಳ್ಳಿ. 1961ರಲ್ಲಿ ಎದ್ದು 1989ರಲ್ಲಿ ಬಾಗಿಲು ತೆರೆದ ಗೋಡೆ. ಅದು ಹಾದುಹೋದ ಸಾಲಿನಲ್ಲೇ ಈಗ ಸುಮಾರು 160 ಕಿಲೋಮೀಟರಿನ ದಾರಿ ಇದೆ. ನಡೆಯಲೂಬಹುದು, ಸೈಕಲ್ ತುಳಿಯಲೂಬಹುದು. ಊರ ನಡುವೆ ಗೋಡೆ ಇದ್ದ ಜಾಗವನ್ನು ಎರಡು ಸಾಲು ಕಲ್ಲು ಹಾಸಿ ಗುರುತಿಸಿದ್ದಾರೆ. ಪ್ರವಾಸಿಗರು ನೋಡುವುದು ನಡುಪೇಟೆಯ ಒಂದೆರಡು ತುಂಡು ಗೋಡೆ. ಪೂರ್ತಿ ಸುತ್ತು ಹಾಕಿದರೆ ಮಾತ್ರ ಅರ್ಥವಾಗುತ್ತದೆ: ಅದು ಊರನ್ನು ಎರಡು ಮಾಡಿದ್ದಷ್ಟೇ ಅಲ್ಲ, ಪಶ್ಚಿಮ ಬರ್ಲಿನ್ನನ್ನು ಕಾಡು, ಕೆರೆ, ಹೊಲಗಳ ಮಧ್ಯೆಯೂ ಸುತ್ತುವರಿದಿತ್ತು.

ನೀವು ರೈಲು ದಾರಿಯ ಮಾತು ಎತ್ತಿದ್ದು ಬಹಳ ಒಳ್ಳೆಯದಾಯಿತು. ನನಗೆ ಅತಿ ಇಷ್ಟದ್ದು ಫೆನ್‌ಬಾನ್ ಎಂಬ ಹಳೇ ರೈಲು ದಾರಿ, ಈಗ ಅದು ಸೈಕಲ್ ದಾರಿ. ಜರ್ಮನಿಯ ಆಖೆನ್ ನಗರದಿಂದ ಬೆಲ್ಜಿಯಂ ಹಾದು ಲಕ್ಸೆಂಬರ್ಗ್ ತನಕ ಸುಮಾರು 125 ಕಿಲೋಮೀಟರ್. ಮೊದಲ ಮಹಾಯುದ್ಧ ಮುಗಿದು 1919ರಲ್ಲಿ ವರ್ಸೇಲ್ಸ್ ಒಪ್ಪಂದವಾಯಿತಲ್ಲ, ಆಮೇಲೆ ಈ ರೈಲು ದಾರಿಯ ಪಟ್ಟಿಯನ್ನು ಬೆಲ್ಜಿಯಂಗೆ ಕೊಟ್ಟರು. ಹಳಿಯ ಪಶ್ಚಿಮಕ್ಕೆ ಇದ್ದ ಕೆಲವು ಜರ್ಮನ್ ಜಾಗಗಳು ಬೆಲ್ಜಿಯಂ ನೆಲದ ನಡುವೆ ದ್ವೀಪಗಳಂತೆ ಉಳಿದವು. ಇವತ್ತಿಗೂ ಹಾಗೇ ಇವೆ! ರೈಲು ಹೋಯಿತು, ಹಳಿ ಹೋಯಿತು, ಗಡಿ ಉಳಿಯಿತು. ಆ ದಾರಿಯಲ್ಲಿ ಸೈಕಲ್ ತುಳಿಯುವವರು ಕೆಲವೆಡೆ ಎರಡೂ ಪಕ್ಕ ಜರ್ಮನಿ ಇಟ್ಟುಕೊಂಡು ಬೆಲ್ಜಿಯಂ ಪಟ್ಟಿಯ ಮೇಲೆ ಸಾಗುತ್ತಾರೆ. ಇದನ್ನು ಯಾವ ಫಲಕ ಓದಿ ತಿಳಿಯುತ್ತೀರಿ, ಹೇಳಿ?

ಮೆಲ್ಲಡಿ:

ಎರಡು ಚಕ್ರ ಅವರೇ, ಫೆನ್‌ಬಾನ್ ವಿಷಯ ಓದಿ ಖುಷಿಯಾಯಿತು. ಆದರೂ ನಾನು ನಡಿಗೆಯ ಪರ.

ಸೈಕಲ್ ಮೇಲೆ ಕೂತಾಗ ಕಣ್ಣು ಮುಂದಿನ ಹತ್ತಿಪ್ಪತ್ತು ಮೀಟರ್ ಮೇಲೆ ಇರುತ್ತದೆ. ಗುಂಡಿ, ಕಲ್ಲು, ತಿರುವು. ಇರಲೇಬೇಕು, ಇಲ್ಲದಿದ್ದರೆ ಬೀಳುತ್ತೇವೆ. ನಡೆಯುವವರಿಗೆ ಕಾಲ ಕೆಳಗಿನ ನೆಲ ಕಾಣುತ್ತದೆ. ಹಳೇ ದಾರಿಯ ಕಥೆ ಇರುವುದೇ ಆ ನೆಲದಲ್ಲಿ.

ಇಟಲಿಯ ಹಳೇ ರೋಮನ್ ನಗರ ಪಾಂಪೇಯಿಯ ಬೀದಿಗಳಲ್ಲಿ ಹಾಸುಗಲ್ಲಿನ ಮೇಲೆ ಬಂಡಿ ಗಾಲಿಯ ಜಾಡು ಆಳವಾಗಿ ಕೊರೆದಿದೆ. ಬೀದಿ ದಾಟಲು ಇಟ್ಟ ಎತ್ತರದ ಕಲ್ಲುಗಳ ನಡುವೆ ಗಾಲಿ ಹೋಗುವಷ್ಟೇ ಸಂದು. ಆ ಕಲ್ಲುಗಳ ಯಾವ ಮೂಲೆ ಸವೆದಿದೆ ಎಂದು ನೋಡಿಯೇ ಸಂಶೋಧಕರು ಬಂಡಿಗಳು ಯಾವ ಕಡೆಯಿಂದ ಯಾವ ಕಡೆಗೆ ಓಡುತ್ತಿದ್ದವು ಎಂದು ಹೇಳಿದ್ದಾರೆ. ನಿಂತು, ಬಗ್ಗಿ ನೋಡದೆ ಇದು ಕಾಣುವುದಿಲ್ಲ.

ಮಣ್ಣಿನ ದಾರಿಗಳಲ್ಲಿ ಇನ್ನೊಂದು ಸೋಜಿಗ. ಕಾಲು, ಗೊರಸು, ಗಾಲಿ ಮಣ್ಣನ್ನು ಸಡಿಲ ಮಾಡುತ್ತವೆ. ಮಳೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ನೂರಾರು ವರ್ಷ ಹೀಗೇ ನಡೆದರೆ ದಾರಿ ತಾನೇ ತಾನಾಗಿ ನೆಲದೊಳಗೆ ಇಳಿಯುತ್ತದೆ. ಇಂಗ್ಲೆಂಡಿನ ಡಾರ್ಸೆಟ್ ಕಡೆಯ ಮೆದು ಕಲ್ಲಿನ ನೆಲದಲ್ಲಿ ಇಂಥ ದಾರಿಗಳು ಆಳೆತ್ತರ ಮೀರಿ ಕೆಳಗಿಳಿದಿವೆ. ಯಾರೂ ಅಗೆದದ್ದಲ್ಲ. ಜನ ನಡೆದದ್ದೇ ಅಗೆತ.

ಗಿಡಗಳೂ ಸುಳಿವು ಕೊಡುತ್ತವೆ. ಯುರೋಪಿನಲ್ಲಿ ಪಾಳುಮನೆಯ ಸುತ್ತ ತುರಿಕೆ ಗಿಡ ಒತ್ತಾಗಿ ಬೆಳೆಯುತ್ತದೆ. ಅದಕ್ಕೆ ರಂಜಕ (ಫಾಸ್ಫರಸ್) ಜಾಸ್ತಿ ಇರುವ ಮಣ್ಣು ಬೇಕು. ಜನ, ದನ ಬದುಕಿದ ಜಾಗದ ಬೂದಿ, ಗೊಬ್ಬರ, ಮೂಳೆಗಳಿಂದ ಮಣ್ಣಿಗೆ ಸೇರಿದ ರಂಜಕ ನೂರಾರು ವರ್ಷ ಅಲ್ಲೇ ಉಳಿಯುತ್ತದೆ. ಗೋಡೆ ಪೂರ್ತಿ ಬಿದ್ದುಹೋದ ಮೇಲೂ ಗಿಡ ಹೇಳುತ್ತದೆ, ಇಲ್ಲಿ ಮನೆ ಇತ್ತು ಎಂದು.

ಇಷ್ಟೆಲ್ಲ ಸೈಕಲ್ ಮೇಲಿಂದ ಕಾಣುತ್ತದೆಯೇ?

ಎರಡು ಚಕ್ರ:

ಇಳಿದರೆ ಕಾಣುತ್ತದೆ ಮೆಲ್ಲಡಿ ಅವರೇ :) ಸೈಕಲ್ಲಿನ ದೊಡ್ಡ ಗುಣ ಅದೇ ಅಲ್ವಾ? ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಹೊಸ ಹೆಜ್ಜೆ:

ಎಲ್ಲರಿಗೂ ನಮಸ್ಕಾರ. ನಾನು ಈಗಷ್ಟೇ ಶುರು ಮಾಡುತ್ತಿದ್ದೇನೆ. ಎರಡು ಪ್ರಶ್ನೆ. ಒಂದು, ಒಂದು ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳಬೇಕು? ಎರಡು, ನಕ್ಷೆಯಲ್ಲಿ ಹೆಸರಿಲ್ಲದ ಹಳೇ ದಾರಿಗಳನ್ನು ನೀವೆಲ್ಲ ಹೇಗೆ ಹುಡುಕುತ್ತೀರಿ?

ದಾರಿಹೋಕ:

ಸ್ವಾಗತ. ದೂರದ ಲೆಕ್ಕಕ್ಕೆ 1892ರಿಂದ ಬಳಕೆಯಲ್ಲಿರುವ ಒಂದು ಸೂತ್ರ ಇದೆ, ನೈಸ್ಮಿತ್ ಸೂತ್ರ. 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ನಿಲ್ಲದೆ ನಡೆಯುವ ಗಟ್ಟಿ ಕಾಲಿನವರ ಲೆಕ್ಕ. ನಾವು ನಿಲ್ಲಲೆಂದೇ ಹೋಗುವವರು. ಸೂತ್ರ ಕೊಟ್ಟ ಹೊತ್ತನ್ನು ಇಮ್ಮಡಿ ಮಾಡಿಕೊಳ್ಳಿ. ದಿನಕ್ಕೆ 10–12 ಕಿಲೋಮೀಟರ್ ನಡೆದರೆ ಧಾರಾಳವಾಯಿತು. ಸೈಕಲ್ಲಿಗೆ 30–40 ಇಟ್ಟುಕೊಳ್ಳಿ. ಜಾಸ್ತಿ ದೂರ ಹಾಕಿಕೊಂಡವರು ಕೊನೆಯ ಜಾಗವನ್ನು ಗಡಿಯಾರ ನೋಡಿಕೊಂಡೇ ನೋಡುತ್ತಾರೆ.

ಎರಡನೇ ಪ್ರಶ್ನೆ ನಕ್ಷೆಗಾರರಿಗೆ ಬಿಡುತ್ತೇನೆ. ಅವರು ಈ ವಿಷಯದಲ್ಲಿ ಪಳಗಿದವರು.

ನಕ್ಷೆಗಾರ:

ಕರೆದದ್ದಕ್ಕೆ ಧನ್ಯವಾದ ದಾರಿಹೋಕರೇ.

ಹೊಸ ಹೆಜ್ಜೆ ಅವರೇ, ಮೊದಲು ಎರಡು ನಕ್ಷೆ ಪಕ್ಕಪಕ್ಕ ಇಡಿ. ಒಂದು ನಿಮಗೆ ಸಿಗುವ ಅತಿ ಹಳೆಯ ಸರ್ವೇ ನಕ್ಷೆ. ಇನ್ನೊಂದು ಇವತ್ತಿನದು. ಓಪನ್ ಸ್ಟ್ರೀಟ್ ಮ್ಯಾಪ್ ಇದಕ್ಕೆ ಒಳ್ಳೆಯದು. 2004ರಿಂದ ಜನರೇ ಸೇರಿ ತಿದ್ದುತ್ತಿರುವ ನಕ್ಷೆ ಅದು. ಕಾಲುದಾರಿ, ಮಣ್ಣಿನ ದಾರಿ, ಪಾಳು ಕಟ್ಟಡ ಎಲ್ಲ ಬೇರೆ ಬೇರೆಯಾಗಿ ಗುರುತಾಗಿರುತ್ತವೆ. ಹಳೆಯದರಲ್ಲಿ ಇದ್ದು ಹೊಸದರಲ್ಲಿ ಇಲ್ಲದ ಗೆರೆ ಯಾವುದು? ಅದೇ ನಿಮ್ಮ ದಾರಿ.

ಆಮೇಲೆ ಉಪಗ್ರಹ ಚಿತ್ರ ನೋಡಿ. ಹೊಲಗಳ ಬದುಗಳು ಅಡ್ಡಾದಿಡ್ಡಿ ಇರುವಾಗ ಒಂದೇ ಒಂದು ಬದು ಮಾತ್ರ ಊರಿಂದೂರಿಗೆ ನೆಟ್ಟಗೆ ಹೋಗುತ್ತಿದ್ದರೆ ಅನುಮಾನ ಪಡಿ. ಸುಮ್ನೆ ಯಾರೂ ಅಷ್ಟು ನೇರ ಬದು ಹಾಕುವುದಿಲ್ಲ. ಅದು ಹಳೇ ರಸ್ತೆಯೋ, ರೈಲು ದಾರಿಯೋ, ಕಾಲುವೆಯೋ ಆಗಿರುತ್ತದೆ. ರೈಲು ದಾರಿಯಾದರೆ ತಿರುವುಗಳು ಅಗಲವಾಗಿ, ನಿಧಾನವಾಗಿ ಬಾಗುತ್ತವೆ.

ಬೇಸಿಗೆಯಲ್ಲಿ ತೆಗೆದ ಚಿತ್ರ ಸಿಕ್ಕರೆ ಇನ್ನೂ ಒಳ್ಳೆಯದು. ನೆಲದಡಿ ಹಳೇ ಕಂದಕ ಮುಚ್ಚಿಹೋಗಿದ್ದರೆ ಅಲ್ಲಿ ಮಣ್ಣು ಆಳವಾಗಿದ್ದು ತೇವ ಹಿಡಿದುಕೊಂಡಿರುತ್ತದೆ. ಮೇಲಿನ ಬೆಳೆ ಹಸಿರಾಗಿ, ಎತ್ತರವಾಗಿ ಬರುತ್ತದೆ. ಗೋಡೆ ಹೂತಿದ್ದರೆ ಮಣ್ಣು ತೆಳು, ಬೆಳೆ ಬೇಗ ಒಣಗುತ್ತದೆ. ಮೇಲಿನಿಂದ ನೋಡಿದರೆ ನೆಲದಡಿಯ ಕಟ್ಟಡದ ನಕ್ಷೆಯೇ ಹೊಲದ ಮೇಲೆ ಮೂಡಿರುತ್ತದೆ. 2018ರ ಜುಲೈನಲ್ಲಿ ಐರ್ಲೆಂಡಿಗೆ ಬರ ಬಿತ್ತು. ಆಗ ಶಿಲಾಯುಗದ ನ್ಯೂಗ್ರೇಂಜ್ ಸಮಾಧಿಯ ಹತ್ತಿರ ಡ್ರೋನ್ ಹಾರಿಸಿದವರಿಗೆ ಹೊಲದಲ್ಲಿ ದೊಡ್ಡ ವೃತ್ತ ಕಂಡಿತು. ಸಾವಿರಾರು ವರ್ಷ ಹಳೆಯ ಆವರಣ ಅದು. ಅಷ್ಟು ಹೆಸರುವಾಸಿ ಜಾಗದ ಪಕ್ಕದಲ್ಲೇ ಅಲ್ಲಿಯ ತನಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕಾಡಿನ ಜಾಗಕ್ಕೆ ಲೈಡಾರ್ ಇದೆ. ವಿಮಾನದಿಂದ ಲೇಸರ್ ಬಿಟ್ಟು ನೆಲ ಅಳೆಯುತ್ತಾರೆ. ಮರಗಳನ್ನು ಲೆಕ್ಕದಿಂದ ಕಳೆದು ಬರೀ ನೆಲದ ಉಬ್ಬುತಗ್ಗು ತೋರಿಸುತ್ತಾರೆ. ಕೆಲವು ದೇಶಗಳು ಇದನ್ನು ಉಚಿತವಾಗಿ ಕೊಡುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ಆ ಕಡೆಯ ಹಿರಿಯರನ್ನು ಒಮ್ಮೆ ಕೇಳಿ. ಯಾವ ನಕ್ಷೆಯಲ್ಲೂ ಇಲ್ಲದ ದಾರಿಯ ಹೆಸರು ಅವರ ಬಾಯಲ್ಲಿ ಇರುತ್ತದೆ.

ಹೊಸ ಹೆಜ್ಜೆ:

ಅಬ್ಬಾ! ಹೊಲದ ಬೆಳೆಯಲ್ಲಿ ನಕ್ಷೆ ಮೂಡುತ್ತದೆ ಎಂಬುದು ಗೊತ್ತೇ ಇರಲಿಲ್ಲ. ಹೀಗೆ ಸಿಕ್ಕಿದ ಜಾಗವನ್ನು ಇಲ್ಲಿ ಎಲ್ಲರಿಗೂ ಹಂಚಿಕೊಳ್ಳಬಹುದಾ?

ಕಲ್ಲುಬರಹ:

ದಯವಿಟ್ಟು ಬೇಡ. ಕಾವಲಿಲ್ಲದ ಜಾಗವಾದರೆ ಖಂಡಿತ ಬೇಡ.

ನಿಧಿ ಅಗೆಯುವವರು ಇಂಥ ಚರ್ಚೆಗಳನ್ನು ನಮಗಿಂತ ಶ್ರದ್ಧೆಯಿಂದ ಓದುತ್ತಾರೆ. ಒಂದು ರಾತ್ರಿ ಸಾಕು ಅವರಿಗೆ. ನಾಣ್ಯವೋ ಮಡಕೆ ಚೂರೋ ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬುದೇ ಅದರ ಇತಿಹಾಸ. ಅಲ್ಲಿಂದ ಎತ್ತಿದ ಮೇಲೆ ಅದು ಬರೀ ಲೋಹ, ಬರೀ ಮಣ್ಣು. ಮತ್ತೆ ಕೂಡಿಸಲು ಬರುವುದಿಲ್ಲ.

ಫೋಟೋ ಹಾಕುವಾಗಲೂ ಎಚ್ಚರ. ಫೋನಿನಲ್ಲಿ ತೆಗೆದ ಚಿತ್ರದೊಳಗೆ ಜಾಗದ ಅಕ್ಷಾಂಶ ರೇಖಾಂಶ ಅಡಗಿರಬಹುದು. ಅದನ್ನು ಅಳಿಸಿ ಹಾಕಿ.

ಎರಡು ಚಕ್ರ:

ಕಲ್ಲುಬರಹ ಅವರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ನಾನು ಪೂರ್ತಿ ಒಪ್ಪುವುದಿಲ್ಲ. ಯಾರಿಗೂ ಗೊತ್ತಿಲ್ಲದ ಜಾಗ ಸದ್ದಿಲ್ಲದೆ ಹಾಳಾಗುತ್ತದೆ. ರಸ್ತೆ ಅಗಲ ಮಾಡುವಾಗ, ಕಲ್ಲು ಒಡೆಯುವಾಗ, ಗದ್ದೆ ಸಮ ಮಾಡುವಾಗ ಅದರ ಪರವಾಗಿ ಮಾತಾಡಲು ಒಬ್ಬರೂ ಇರುವುದಿಲ್ಲ. ಜನ ಬಂದು ಹೋಗುತ್ತಿದ್ದರೆ ಕಳ್ಳರಿಗೂ ಅಂಜಿಕೆ ಇರುತ್ತದೆ. ನಾನು ನೋಡಿದ ಎಷ್ಟೋ ಜಾಗ ಉಳಿದದ್ದು ಅಕ್ಕಪಕ್ಕದ ಜನರಿಗೆ ಅದರ ಬೆಲೆ ಗೊತ್ತಾದ್ದರಿಂದ.

ಕಲ್ಲುಬರಹ:

ಅಕ್ಕಪಕ್ಕದ ಜನರಿಗೆ ಗೊತ್ತಾಗುವುದು ಬೇರೆ, ಇಡೀ ಜಗತ್ತಿಗೆ ನಕ್ಷೆಯ ಮೇಲಿನ ನಿಖರ ಬಿಂದು ಕೊಡುವುದು ಬೇರೆ. ಮೊದಲನೆಯದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಹೊಸದಾಗಿ ಏನಾದರೂ ಸಿಕ್ಕರೆ ಮುಟ್ಟದೆ, ಅಳತೆಗೆ ಏನಾದರೂ ಪಕ್ಕ ಇಟ್ಟು ಫೋಟೋ ತೆಗೆದು, ಮೊದಲು ಪುರಾತತ್ವ ಇಲಾಖೆಗೋ ಹತ್ತಿರದ ವಸ್ತುಸಂಗ್ರಹಾಲಯಕ್ಕೋ ತಿಳಿಸಿ. ಇಲ್ಲಿ ಕಥೆ ಹೇಳಿ, ಚಿತ್ರ ಹಾಕಿ. ಬಿಂದು ಮಾತ್ರ ಬೇಡ.

ಇನ್ನೊಂದು ವಿಷಯ, ನನ್ನ ಜೀವಕ್ಕೆ ಹತ್ತಿರದ್ದು. ಅಕ್ಷರ ಕಾಣಲಿ ಎಂದು ಕಲ್ಲಿನ ಮೇಲೆ ಸೀಮೆಸುಣ್ಣ ಉಜ್ಜುವುದು, ಹಿಟ್ಟು ಬಳಿಯುವುದು, ತಂತಿ ಬ್ರಷ್ ಹಾಕಿ ತಿಕ್ಕುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಪುಡಿ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಕೂರುತ್ತದೆ. ಕಲ್ಲುಹೂವನ್ನು ಕೆರೆದರೆ ಅದು ಹಿಡಿದಿದ್ದ ಮೇಲ್ಪದರವೂ ಕಿತ್ತು ಬರುತ್ತದೆ. ಅಕ್ಷರ ಉಳಿದಿರುವುದೇ ಆ ಪದರದಲ್ಲಿ.

ಓದಲು ಬೇಕಾದದ್ದು ಓರೆ ಬೆಳಕು, ಅಷ್ಟೇ. ಸೂರ್ಯ ತಗ್ಗಿನಲ್ಲಿದ್ದಾಗ ಬಿಸಿಲು ಕಲ್ಲಿನ ಮೈ ಸವರಿಕೊಂಡು ಹೋಗುತ್ತದೆ. ಪ್ರತಿ ಗೆರೆಯೊಳಗೂ ನೆರಳು ಬೀಳುತ್ತದೆ. ಮಧ್ಯಾಹ್ನ ಬೋಳಾಗಿ ಕಂಡ ಕಲ್ಲು ಸಂಜೆ ಸಾಲು ಸಾಲಾಗಿ ಓದಿಸಿಕೊಳ್ಳುತ್ತದೆ. ಕಲ್ಲು ನೆರಳಲ್ಲಿದ್ದರೆ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಎಡದಿಂದ ಒಂದು ಫೋಟೋ, ಬಲದಿಂದ ಒಂದು, ಮೇಲಿನಿಂದ ಒಂದು. ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಕಾಣುತ್ತದೆ.

ನಕ್ಷೆಗಾರ:

ಈ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ನಿಖರ ಬಿಂದು ವಿಷಯದಲ್ಲಿ ನಾನೂ ಕಲ್ಲುಬರಹ ಅವರ ಕಡೆ. ಈಗಾಗಲೇ ಫಲಕ, ಬೇಲಿ ಇರುವ ಜಾಗವನ್ನು ಮಾತ್ರ ನಕ್ಷೆಗೆ ಏರಿಸುತ್ತೇನೆ.

ಮೆಲ್ಲಡಿ:

ಹಾಳು ಮಾಡುವುದು ಕಳ್ಳರು ಮಾತ್ರ ಅಲ್ಲ, ಪ್ರೀತಿಯಿಂದ ಬರುವ ನಮ್ಮ ಕಾಲುಗಳೂ ಹೌದು. ಹೇಡ್ರಿಯನ್ ಗೋಡೆ ಇದೆಯಲ್ಲ, ರೋಮನ್ನರು ಕ್ರಿ.ಶ. 122ರಲ್ಲಿ ಬ್ರಿಟನ್ನಿನಲ್ಲಿ ಕಟ್ಟಲು ತೊಡಗಿದ್ದು. ಅದರುದ್ದಕ್ಕೂ 135 ಕಿಲೋಮೀಟರಿನ ನಡಿಗೆ ದಾರಿ 2003ರಲ್ಲಿ ತೆರೆಯಿತು. ಅಲ್ಲಿ ನಡೆಯುವವರಿಗೆ ಹೇಳುವ ಮಾತು ಕೇಳಿ: ಗೋಡೆಯ ಮೇಲೆ ಹತ್ತಬೇಡಿ, ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯಬೇಡಿ, ಅಕ್ಕಪಕ್ಕ ನಡೆಯಿರಿ. ನೆಲ ನೆನೆದಿರುವ ಚಳಿಗಾಲದಲ್ಲಿ ಆದಷ್ಟು ದೂರ ಇರಿ. ಯಾಕೆಂದರೆ ಹುಲ್ಲಿನ ಕೆಳಗೆ, ತೀರಾ ಮೇಲಿನ ಪದರದಲ್ಲೇ ರೋಮನ್ ಕಾಲದ ಕುರುಹುಗಳಿವೆ. ಒಂದೇ ಸಾಲಿನಲ್ಲಿ ನಡೆದರೆ ಹುಲ್ಲು ಸತ್ತು ಅವು ಹೊರಗೆ ಬರುತ್ತವೆ.

ನಮ್ಮ ಕಾಲೇ ಹೀಗೆ ಮಾಡಿದರೆ, ನೆನೆದ ಮಣ್ಣಿನಲ್ಲಿ ಟಯರ್ ಏನು ಮಾಡೀತು? ಅದು ಉದ್ದಕ್ಕೆ ಬಿಡದ ಗೆರೆ ಕೊರೆಯುತ್ತದೆ. ಮುಂದಿನ ಮಳೆಗೆ ಅದೇ ಕಾಲುವೆ.

ಎರಡು ಚಕ್ರ:

ಇದು ನಿಜ. ವಾದ ಇಲ್ಲ. ನೆಲ ಹಸಿ ಇದ್ದರೆ ಮಣ್ಣಿನ ದಾರಿಗೆ ನಾನು ಸೈಕಲ್ ಇಳಿಸುವುದಿಲ್ಲ. ಜೋರಾಗಿ ಬ್ರೇಕ್ ಹಿಡಿದು ಹಿಂದಿನ ಚಕ್ರ ಎಳೆಯುವುದಂತೂ ಎಂದೂ ಇಲ್ಲ. ಹೆಚ್ಚು ಗಾಯ ಮಾಡುವುದು ಅದೇ. ಎದುರು ಯಾರಾದರೂ ನಡೆದು ಬಂದರೆ ನಿಂತು ದಾರಿ ಬಿಡಬೇಕು.

ಕಾನೂನನ್ನೂ ನೋಡಿಕೊಳ್ಳಿ. ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ 1968ರ ಕಾಯ್ದೆ ಪ್ರಕಾರ ಕುದುರೆ ದಾರಿಯಲ್ಲಿ ಸೈಕಲ್ ಬಿಡಬಹುದು. ಬರೀ ಕಾಲುದಾರಿಯಲ್ಲಿ ಆ ಹಕ್ಕು ಇಲ್ಲ. ಹಾಗಾಗಿ 139 ಕಿಲೋಮೀಟರಿನ ರಿಜ್‌ವೇ ಎಂಬ ಪ್ರಾಚೀನ ಬೆಟ್ಟದ ದಾರಿಯಲ್ಲಿ ಪಶ್ಚಿಮದ ಅರ್ಧಕ್ಕೆ ಸೈಕಲ್ ಹೋಗುತ್ತದೆ, ಪೂರ್ವದಲ್ಲಿ ಬಹುಪಾಲು ನಡೆಯಲೇಬೇಕು.

ದಾರಿಹೋಕ:

ಚರ್ಚೆ ಓದುತ್ತಾ ನನ್ನ ಮೊದಲಿನ ಪ್ರಶ್ನೆಗೆ ನನಗೇ ಉತ್ತರ ಸಿಗುತ್ತಿದೆ. ದಾರಿ ಯಾರಿಗಾಗಿ ಮಾಡಿದ್ದೋ, ಅವರಿಗೆ ಹತ್ತಿರವಾದ ರೀತಿಯಲ್ಲೇ ಹೋಗಬೇಕು. ಇಂಕಾ ಮೆಟ್ಟಿಲಿಗೆ ಸೈಕಲ್ ಹೊತ್ತುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ಅದು ಕಾಲಿನ ದಾರಿ. ರೈಲು ದಾರಿ, ಕಾಲುವೆ ದಂಡೆಗಳು ಚಕ್ರಕ್ಕೆ ಹೇಳಿ ಮಾಡಿಸಿದವು. ಅಮೆರಿಕದ ಚೆಸಪೀಕ್–ಒಹಾಯೊ ಕಾಲುವೆಯ ದಂಡೆ ಸುಮಾರು 297 ಕಿಲೋಮೀಟರ್, 74 ಲಾಕ್ ಗೇಟು. ಹೇಸರಗತ್ತೆಗಳು ದೋಣಿ ಎಳೆದುಕೊಂಡು ನಡೆದ ದಾರಿ. ಕಂಬರ್ಲೆಂಡ್ ಊರಿನಲ್ಲಿ ಅದು ಮುಗಿದಲ್ಲೇ ಹಳೇ ರೈಲು ದಾರಿ ಶುರುವಾಗಿ ಪಿಟ್ಸ್‌ಬರ್ಗ್ ತನಕ ಇನ್ನೂ 240 ಕಿಲೋಮೀಟರ್ ಹೋಗುತ್ತದೆ. ದೋಣಿಯ ಕಾಲ, ರೈಲಿನ ಕಾಲ ಎರಡನ್ನೂ ಒಂದೇ ಸವಾರಿಯಲ್ಲಿ ಕಾಲಿನಿಂದಲೇ ತಿಳಿಯಬಹುದು. ಲಾಕ್ ಬಂದಾಗಿನ ಆ ಸಣ್ಣ ಏರು, ಆಮೇಲೆ ರೈಲು ದಾರಿಯ ಮುಗಿಯದ ನಿಧಾನ ಏರು. ಎರಡೂ ಬೇರೆ ಬೇರೆ.

ರೋಮನ್ ರಸ್ತೆಯಾದರೆ ನನ್ನ ಆಯ್ಕೆ ನಡಿಗೆ. ರೋಮ್ ನಗರದಿಂದ ಹೊರಡುವ, ಕ್ರಿ.ಪೂ. 312ರಲ್ಲಿ ಶುರುವಾದ ಆಪಿಯನ್ ರಸ್ತೆಯ ಹಳೇ ಕಲ್ಲುಹಾಸಿನ ಮೇಲೆ ಸೈಕಲ್ ಕುಲುಕಾಟದಲ್ಲಿ ಏನೂ ನೋಡಲಾಗದು. ರೋಮನ್ನರ ಮೈಲಿ ಎಂದರೆ ಸಾವಿರ ಜೋಡಿ ಹೆಜ್ಜೆ, ಸುಮಾರು 1,480 ಮೀಟರ್. ಎಡಗಾಲು ನೆಲಕ್ಕೆ ಬಿದ್ದಾಗಲೆಲ್ಲ ಒಂದು ಎಣಿಸುತ್ತಾ ನಡೆದು ನೋಡಿ. ಆ ರಸ್ತೆಯನ್ನು ಅಳೆದ ಸೈನಿಕನ ಕಾಲಿಗೆ ನಿಮ್ಮ ಕಾಲು ಎಷ್ಟು ಹೊಂದುತ್ತದೆ ಎಂದು ತಿಳಿಯುತ್ತದೆ.

ಮೆಲ್ಲಡಿ:

ಈ ತೀರ್ಮಾನ ನನಗೂ ಸರಿ. ಸ್ಪೇನಿನಲ್ಲಿ ಕ್ರೈಸ್ತರ ಸಾಂತಿಯಾಗೊ ಯಾತ್ರೆಯಲ್ಲಿ ಎರಡಕ್ಕೂ ಮಾನ್ಯತೆ ಇದೆ ನೋಡಿ. ಪ್ರಮಾಣಪತ್ರ ಬೇಕಾದರೆ ನಡೆದವರು ಕನಿಷ್ಠ 100 ಕಿಲೋಮೀಟರ್, ಸೈಕಲ್ಲಿನವರು ಕನಿಷ್ಠ 200 ಕಿಲೋಮೀಟರ್ ಬಂದಿರಬೇಕು.

ಹೊಸ ಹೆಜ್ಜೆ:

ತುಂಬಾ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ಕೊನೆಯದಾಗಿ, ಇದಕ್ಕೆಂದೇ ಬೇರೆ ಸೈಕಲ್ ಬೇಕಾ? ಮತ್ತೆ ಪಾಳು ಜಾಗ ನೋಡಲು ಇಳಿದಾಗ ಸೈಕಲ್ ಎಲ್ಲಿ ಬಿಡುವುದು?

ಎರಡು ಚಕ್ರ:

ಬೇರೆ ಬೇಡ. ಇರುವುದಕ್ಕೆ ಅಗಲದ ಟಯರ್ ಹಾಕಿಸಿ. 40 ಮಿಲಿಮೀಟರ್ ಆಸುಪಾಸು ಹಿಡಿಸುವುದಾದರೆ ಮಣ್ಣಿಗೂ ಟಾರಿಗೂ ಆಗುತ್ತದೆ. ಒರಟು ದಾರಿಯಲ್ಲಿ ಗಾಳಿ ಸ್ವಲ್ಪ ಕಡಿಮೆ ಇರಲಿ, ಕೈಗೆ ಪೆಟ್ಟು ಕಡಿಮೆ. ಪಂಕ್ಚರ್ ಸಾಮಾನು, ಪಂಪು, ದೀಪ, ಸಾಕಷ್ಟು ನೀರು. ಯಾವ ದಾರಿಯಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಒಬ್ಬರಿಗೆ ಹೇಳಿ ಹೊರಡಿ. ಪಾಳುಬಿದ್ದ ಜಾಗದಲ್ಲಿ ಬಾಯಿ ಮುಚ್ಚದ ಬಾವಿಗಳಿರುತ್ತವೆ. ಹುಲ್ಲು ಎತ್ತರವಿದ್ದರೆ ಕೋಲಿನಿಂದ ತಡವಿಕೊಂಡೇ ಕಾಲಿಡಿ. ಸಡಿಲ ಗೋಡೆ ಹತ್ತಬೇಡಿ.

ಸೈಕಲ್ಲನ್ನು ಹಳೇ ಕಂಬಕ್ಕೋ, ಕೆತ್ತಿದ ಕಲ್ಲಿಗೋ ಒರಗಿಸಬೇಡಿ, ಬೀಗವನ್ನಂತೂ ಸುತ್ತಲೇಬೇಡಿ. ಹ್ಯಾಂಡಲ್ ತಿರುಗಿದರೆ ಸಾಕು, ಕಲ್ಲಿನ ಮೇಲೆ ಗೀರು ಬೀಳುತ್ತದೆ. ದೂರದಲ್ಲೇ ಗಟ್ಟಿ ಮರ ಅಥವಾ ಬೇಲಿ ಕಂಬ ನೋಡಿ ಕಟ್ಟಿ, ಅಲ್ಲಿಂದ ನಡೆಯಿರಿ. ಹತ್ತಿರದಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದರೆ ಹೇಳಿ ಹೋಗಿ. ಹೊಲದ ಯಜಮಾನರಾಗಿದ್ದರೆ ಒಳಗೆ ಹೋಗಲು ಅನುಮತಿಯನ್ನೂ ಆಗಲೇ ಕೇಳಿ.